ಬೆಳಕು ಸೋರಿದ ಕಲ್ಲು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ದೂರು ಕೊಡಲು ಬಂದವರು ನಿವೃತ್ತ ಡ್ರಾಯಿಂಗ್ ಟೀಚರ್. ಅವರ ಬೆನ್ನಿಗೇ, ಯಾರೂ ಕರೆಯದಿದ್ದರೂ, ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಯ ಯಜಮಾನರೂ ಒಳಗೆ ಬಂದರು. ಒಂದೇ ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತರು.

"ಹೇಳಿ ಅಮ್ಮ," ಎಂದರು ಇನ್‌ಸ್ಪೆಕ್ಟರ್.

ಟೀಚರ್ ಚೀಲದಿಂದ ದಿನಪತ್ರಿಕೆ ತೆಗೆದು ಮೇಜಿನ ಮೇಲೆ ಹರಡಿದರು. ಕೊರಳಿನ ಪದಕ ಬಿಚ್ಚಿ ಅಕ್ಷರಗಳ ಮೇಲೆ ಮಗುಚಿಟ್ಟರು. ಪದಕದ ಬೆನ್ನು ತೆರೆದಿತ್ತು. ಕಲ್ಲಿನ ಚೂಪು ತುದಿ ಮೇಲಕ್ಕೆ ನೋಡುತ್ತಿತ್ತು.

"ಬಗ್ಗಿ ನೋಡಿ. ಏನು ಕಾಣುತ್ತೆ?"

ಇನ್‌ಸ್ಪೆಕ್ಟರ್ ಬಗ್ಗಿದರು. "ಒಂದಕ್ಷರ ಕಾಣುತ್ತೆ. ಸೊಟ್ಟಗಿದೆ. 'ಮ' ಇರಬೇಕು."

"ಕಾಣಬಾರದು. ಅದೇ ನನ್ನ ದೂರು."

ಆಮೇಲೆ ಟೀಚರ್ ವಿವರ ಹೇಳಿದರು. ಕಲ್ಲು ಅವರ ಅತ್ತೆಯದು. ಅಂಚಿನಲ್ಲಿ ಚೂರು ಮುಕ್ಕಾಗಿತ್ತು. ಅದನ್ನು ಸಾಣೆಯಲ್ಲಿ ಸರಿಮಾಡಿ, ಹಳೇ ಮುಚ್ಚಿದ ಪದಕದಿಂದ ಬಿಡಿಸಿ ಹೊಸ ಪದಕಕ್ಕೆ ಕೂರಿಸಿಕೊಡಿ ಎಂದು ಕಾರ್ಖಾನೆಗೆ ಕೊಟ್ಟಿದ್ದರು. ಶುಕ್ರವಾರ ವಾಪಸ್ ಬಂತು. ಭಾನುವಾರ ಪೇಪರ್ ಓದುವಾಗ ಸರ ಬಿಚ್ಚಿಟ್ಟರು. ಕಲ್ಲಿನೊಳಗಿಂದ ಅಕ್ಷರ ಇಣುಕಿತು.

"ವಜ್ರದೊಳಗಿಂದ ಆಚೆ ಕಡೆ ಕಾಣಲ್ಲಮ್ಮ. ಒಳಗೆ ಹೋದ ಬೆಳಕೆಲ್ಲ ತಿರುಗಿ ನಮ್ಮ ಕಣ್ಣಿಗೇ ಬರುತ್ತೆ. ಆ ಕಲ್ಲನ್ನ ಪೆನ್ಸಿಲಲ್ಲಿ ಬರೆಯೋಕೆ ಹೋಗಿ ಎಷ್ಟು ಸಲ ಸೋತಿದ್ದೀನೋ. ಒಂದು ಗೆರೆ ಎಳೆಯೋಷ್ಟರಲ್ಲಿ ಅದು ಬೇರೆ ಥರ ಹೊಳೀತಿತ್ತು. ಇದನ್ನ ನಿನ್ನೆ ಒಂದೇ ಏಟಿಗೆ ಬರೆದು ಮುಗಿಸಿದೆ. ಅಲ್ಲಿಗೆ ಅನುಮಾನ ಪೂರ್ತಿ ಹೋಯ್ತು. ಇದು ನಮ್ಮ ಕಲ್ಲಲ್ಲ."

ಯಜಮಾನರಿಗೆ ಇನ್ನು ತಡೆಯಲಾಗಲಿಲ್ಲ. ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಮೇಡಂ, ಇದು ನಮ್ಮ ಮರ್ಯಾದೆ ಪ್ರಶ್ನೆ. ಕದ್ದವಳು ಯಾರು ಅಂತ ನಾನೇ ಹೇಳ್ತೀನಿ. ಸಂಜೆಯೊಳಗೆ ಅವಳನ್ನ ಒಳಗೆ ಹಾಕಿ. ಕಲ್ಲು ತಾನಾಗೇ ಆಚೆ ಬರುತ್ತೆ."

"ಯಾರು?"

"ಕಲ್ಲು ಕೂರಿಸೋಳು. ನಮ್ಮ ಸಾಣೆ ಮೇಸ್ತ್ರಿ ಅಣ್ಣನ ಮಗಳು. ಅಪ್ಪ ಇಲ್ಲದ ಮಗು ಅಂತ ಮೇಸ್ತ್ರಿನೇ ಕರಕೊಂಡು ಬಂದು ಕೆಲಸ ಕಲಿಸಿದ್ದು."

"ಕದ್ದಿದ್ದು ನೋಡಿದ್ರಾ?"

"ನೋಡೋದೇನು ಬಂತು? ಆ ಕಲ್ಲು ಮುಟ್ಟಿದವರು ಇಬ್ಬರೇ. ಮೇಸ್ತ್ರಿ ಮತ್ತೆ ಅವಳು. ಮೇಸ್ತ್ರಿ ಬಗ್ಗೆ ಮಾತಾಡಿದ್ರೆ ಬಾಯಲ್ಲಿ ಹುಳ ಬೀಳುತ್ತೆ."

ಹೆಡ್ ಕಾನ್‌ಸ್ಟೇಬಲ್ ಕಾಗದದಿಂದ ತಲೆ ಎತ್ತಿದ. ಅವನನ್ನು ಠಾಣೆಯಲ್ಲಿ ಎಲ್ಲರೂ ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ವರ್ಷಗಳಾಗಿದ್ದರೂ ಹೆಸರು ಮುಖಕ್ಕೆ ಅಂಟಿಕೊಂಡಿತ್ತು. "ತನಿಖೆ ಇವರೇ ಮುಗಿಸಿಬಿಟ್ರು ಮೇಡಂ. ನಾವು ಬೀಗ ಹಾಕೋದಷ್ಟೇ ಬಾಕಿ. ಎಫ್‌ಐಆರ್‌ನಲ್ಲಿ ಆರೋಪಿ ಅಂತ ಆಯಮ್ಮನ ಹೆಸರೇ ಬರೀಲಾ?"

"ಅಪರಿಚಿತರು ಅಂತ ಬರಿ."

"ಅಪರಿಚಿತರಾ!" ಯಜಮಾನರು ಬೆಂಚಿನಿಂದ ಎದ್ದರು.

"ಹೆಸರು ಬರೆಯೋಕೆ ಒಂದು ಗಳಿಗೆ ಸಾಕು ಯಜಮಾನ್ರೇ. ಅಳಿಸೋದು ನನ್ನ ಕೈಲೂ ಆಗಲ್ಲ. ನಿಮ್ಮ ಕಸುಬಲ್ಲಿ ಒಂದು ಸಲ ಕಳ್ಳಿ ಅನ್ನಿಸಿಕೊಂಡೋಳ ಕೈಗೆ ಇನ್ನೊಂದು ಕಲ್ಲು ಕೊಡ್ತಾರಾ?"

ಯಜಮಾನರು ಸ್ವಲ್ಪ ಯೋಚಿಸಿದರು. "ಇಲ್ಲ. ನಾನೂ ಕೊಡಲ್ಲ, ಈ ಊರಲ್ಲಿ ಯಾರೂ ಕೊಡಲ್ಲ."

"ಮತ್ತೆ ಅವಸರ ಮಾಡಬೇಡಿ. ನಡೀರಿ, ನಿಮ್ಮ ಜಾಗ ತೋರಿಸಿ."

ಕಾರ್ಖಾನೆ ಅಂದರೆ ಮೇಲ್ಮಹಡಿಯ ಒಂದು ಉದ್ದನೆಯ ಕೋಣೆ. ಗೋಡೆಯ ಪಕ್ಕ ಸಾಣೆ ಚಕ್ರಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಕಬ್ಬಿಣದ ಚಕ್ರಕ್ಕೆ ವಜ್ರದ ಪುಡಿ ಕಲಸಿದ ಎಣ್ಣೆ ಬಳಿದು, ಅದಕ್ಕೆ ಕಲ್ಲು ಒತ್ತಿಹಿಡಿದು ಮುಖ ಮುಖವಾಗಿ ತೇಯುತ್ತಾರೆ. ಉತ್ತರಕ್ಕೊಂದು ದೊಡ್ಡ ಕಿಟಕಿ. ಅದರಡಿ ಬಿಳಿ ಬಟ್ಟೆ ಹಾಸಿದ ಸಣ್ಣ ಮೇಜು, ಮರದ ಒಂದೇ ಕುರ್ಚಿ. ಆ ಕುರ್ಚಿ ಮೇಸ್ತ್ರಿಯದು. ಸಿದ್ಧವಾದ ಕಲ್ಲನ್ನು ಅವರು ಆ ಕಿಟಕಿಯ ಬೆಳಕಿನಲ್ಲಿ ನೋಡಿ "ಆಯ್ತು" ಎಂದರೆ ಮಾತ್ರ ಡಬ್ಬಿಗೆ ಹಾಕಿ ಮುದ್ರೆ ಒತ್ತುವುದು. ಯಜಮಾನರೂ ಎರಡನೇ ಸಲ ನೋಡುವಂತಿಲ್ಲ. ಅದನ್ನು ಅಲ್ಲಿ ಕಿಟಕಿಯ ಮಾತು ಎನ್ನುತ್ತಿದ್ದರು.

ಪಂಚರಿಬ್ಬರನ್ನು ಕೆಳಗಿನ ಅಂಗಡಿಯಿಂದ ಕರೆಸಿದರು. ಕಲ್ಲು ಕೂರಿಸುವವಳ ಮೇಜಿನ ಖಾನೆಯಲ್ಲಿ ಅರಗಿನ ಕಡ್ಡಿ, ಚಿಮಟ, ಅರಗಳ ನಡುವೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಬಣ್ಣವಿಲ್ಲದ ಪಾರದರ್ಶಕ ತುಂಡುಗಳು.

"ಸ್ಫಟಿಕ!" ಎಂದರು ಯಜಮಾನರು. "ನಾನು ಏನು ಹೇಳಿದ್ದೆ?"

ಅವಳು ಮೂವತ್ತರ ಹೆಂಗಸು. ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಬೆಳಗಿನಿಂದ ಯಾರೂ ಅವಳನ್ನು ಮಾತಾಡಿಸಿರಲಿಲ್ಲ. ಚಕ್ರದ ಮುಂದೆ ಕೂತವರು ಈಗಾಗಲೇ ತಂತಮ್ಮ ಕಲ್ಲುಗಳ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು. ಇನ್‌ಸ್ಪೆಕ್ಟರ್ ಅದನ್ನೂ ಗಮನಿಸಿದರು.

"ಇದು ನಿಂದೇನಾ?"

"ನಂದೇ. ಹೊಸ ಮಾದರಿ ಬಂದ್ರೆ ಮೊದಲು ಸ್ಫಟಿಕ ಕೂರಿಸಿ ಕೈ ಪಳಗಿಸ್ಕೋತೀವಿ. ಇಲ್ಲಿ ಎಲ್ಲರಿಗೂ ಗೊತ್ತು. ಡಬ್ಬಿಗೆ ಬೀಗ ಇಲ್ಲ."

"ಟೀಚರ್ ಕಲ್ಲು ನಿನ್ನ ಕೈಗೆ ಬಂದಾಗ ವಜ್ರವಾಗಿತ್ತಾ, ಇದಾಗಿತ್ತಾ?"

"ಗೊತ್ತಿಲ್ಲ."

"ದಿನಾ ಕಲ್ಲು ಮುಟ್ಟೋಳು ನೀನು. ಗೊತ್ತಾಗಲ್ವಾ?"

"ಚಕ್ರದಿಂದ ಬಂದಿದ್ದು ಎಣ್ಣೆ ಮೆತ್ತಿಕೊಂಡಿರುತ್ತೆ ಮೇಡಂ. ತಳಕ್ಕೆ ಎಣ್ಣೆ ಅಂಟಿದ್ರೆ ವಜ್ರನೂ ಗಾಜಿನ ಹಾಗೇ ಮಂಕು. ಅದರ ಮೇಲೆ ಅರಗು ಬೇರೆ. ಪದಕದ ಹಲ್ಲು ಬಗ್ಗಿಸಿ ಕಲ್ಲು ಕೂರಿಸಿ ಹಾಗೇ ವಾಪಸ್ ಕೊಡ್ತೀನಿ. ಕುದಿಸಿ ತೊಳೆಯೋದು, ಕಿಟಕಿಗೆ ಹಿಡಿಯೋದು, ಮುದ್ರೆ ಒತ್ತೋದು ಎಲ್ಲ ಚಿಕ್ಕಪ್ಪನೇ."

"ನಿನಗೆ ಕಲ್ಲು ಕೊಟ್ಟಿದ್ದು ಯಾರು?"

"ಚಿಕ್ಕಪ್ಪ."

"ತಿರುಗಿಸಿ ನೋಡಲಿಲ್ವಾ?"

"ಅವರು ಕೊಟ್ಟಿದ್ದನ್ನ?" ಅವಳು ಮೊದಲ ಸಲ ಇನ್‌ಸ್ಪೆಕ್ಟರ್ ಮುಖ ದಿಟ್ಟಿಸಿದಳು. "ಮನೇಲಿ ಅನ್ನ ಬಡಿಸಿದಾಗ ಕಲ್ಲಿದೆಯಾ ಅಂತ ಕೆದಕಿ ನೋಡ್ತೀರಾ?"

ಮೇಸ್ತ್ರಿಗೆ ಅರವತ್ತು ದಾಟಿತ್ತು. ಕಿಟಕಿಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಲ್ಲರ ಚಕ್ರದ ಬಳಿ ದೀಪ ಉರಿಯುತ್ತಿತ್ತು, ಅವರ ಚಕ್ರದ ದೀಪ ಮಾತ್ರ ಆರಿತ್ತು.

"ನೀವು ಅವಳಿಗೆ ಕೊಟ್ಟಿದ್ದು ಏನು?"

"ವಜ್ರ."

"ತೊಳೆದ ಮೇಲೆ ಕಿಟಕಿಗೆ ಹಿಡಿದು ನೋಡಿದ್ದು?"

"ಮನೆ ಮಗಳು ಕೂರಿಸಿದ್ದಲ್ವಾ ಅಂತ ಸರಿಯಾಗಿ ನೋಡಲಿಲ್ಲ."

ಗೋಡೆಗೆ ಒರಗಿದ್ದವಳು ಕಟ್ಟಿದ ಕೈ ಬಿಟ್ಟಳು.

ಸ್ಫಟಿಕದ ಡಬ್ಬಿಯನ್ನು ವಶಕ್ಕೆ ತೆಗೆದುಕೊಂಡು ಪಂಚನಾಮೆ ಬರೆದರು. ಪಂಚರ ಸಹಿಯಾದ ಮೇಲೆ, ಹಾಜರಿದ್ದ ಹಿರಿಯರು ಎಂದು ಮೇಸ್ತ್ರಿಯ ಸಹಿಯನ್ನೂ ಕೇಳಿದರು. "ಎಲ್ಲಿ ಹಾಕಬೇಕೋ ಅಲ್ಲಿ ಬೆರಳಿಡಪ್ಪ," ಎಂದರು ಮೇಸ್ತ್ರಿ. ಮೀಸೆ ಬೆರಳಿಟ್ಟ. ಮೆಟ್ಟಿಲಿಳಿಯುವಾಗ ಅವನು ಉಗುರನ್ನು ಪ್ಯಾಂಟಿಗೆ ಉಜ್ಜುತ್ತ ಗೊಣಗುತ್ತಿದ್ದ. "ದೊಡ್ಡ ಮನುಷ್ಯರ ಸಹಿ ಮೇಡಂ. ಅರ್ಧ ಕಾಗದದ ಮೇಲೆ, ಅರ್ಧ ನನ್ನ ಉಗುರಿನ ಮೇಲೆ."

ಇನ್‌ಸ್ಪೆಕ್ಟರ್ ನಗಲಿಲ್ಲ. ಅವನ ಕೈ ಹಿಡಿದು ಆ ಉಗುರನ್ನೇ ನೋಡಿದರು.

ಮಂಗಳವಾರ ಮಧ್ಯಾಹ್ನ ಇಬ್ಬರೂ ಪ್ರಯೋಗಾಲಯಕ್ಕೆ ಹೋದರು. ಕಲ್ಲು ಸ್ಫಟಿಕವೇ ಎಂದು ವರದಿ ಬಂದಿತ್ತು. ಅಷ್ಟಕ್ಕೆ ಇನ್‌ಸ್ಪೆಕ್ಟರ್ ಎದ್ದು ಬರಲಿಲ್ಲ. "ಅಕ್ಷರ ಯಾಕೆ ಕಂಡಿತು, ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದು ಕುರ್ಚಿ ಎಳೆದುಕೊಂಡರು.

ಪರೀಕ್ಷೆ ಮಾಡಿದಾಕೆ ಕಾಗದದ ಮೇಲೆ ಕಲ್ಲಿನ ಚಿತ್ರ ಗೀಚಿದರು. "ಬೆಳಕು ಗಾಳಿಯಲ್ಲಿ ಜೋರಾಗಿ ಓಡುತ್ತೆ. ನೀರಲ್ಲಿ ನಿಧಾನ, ಗಾಜಲ್ಲಿ ಇನ್ನೂ ನಿಧಾನ. ವಜ್ರದೊಳಗೆ ಹೊಕ್ಕರೆ ಅದರ ವೇಗ ಅರ್ಧಕ್ಕಿಂತ ಕಮ್ಮಿ. ಓರೆಯಾಗಿ ಹೊಕ್ಕಾಗ, ಎಷ್ಟು ನಿಧಾನ ಆಗುತ್ತೋ ಅಷ್ಟು ಬಾಗುತ್ತೆ. ಬಾಗಿ ಹೋಗಿ ತಳದ ಗೋಡೆಗೆ ಬಡಿಯುತ್ತೆ. ನೇರ ಬಡಿದ್ರೆ ಆಚೆ ಹೋಗುತ್ತೆ. ಓರೆಯಾಗಿ ಬಡಿದ್ರೆ ಆಚೆ ಹೋಗಕ್ಕಾಗಲ್ಲ, ಕನ್ನಡಿಗೆ ಬಡಿದ ಹಾಗೆ ಹಿಂದಕ್ಕೆ ಬರುತ್ತೆ. ವಜ್ರದಲ್ಲಿ ಸ್ವಲ್ಪ ಓರೆ ಇದ್ರೆ ಸಾಕು, ಬೆಳಕು ಸಿಕ್ಕಿಬಿದ್ದ ಹಾಗೆ."

"ಸ್ಫಟಿಕದಲ್ಲಿ?"

"ಸ್ಫಟಿಕಕ್ಕೆ ಅಷ್ಟು ಬಿಗಿ ಇಲ್ಲ. ಅದಕ್ಕೇ ಸ್ಫಟಿಕದ ತಳವನ್ನ ಇನ್ನೂ ಕಡಿದಾಗಿ ತೇಯಬೇಕು. ಆ ಕೆಲಸದವರಿಗೆ ಅದು ಕಣ್ಣುಮುಚ್ಚಿದ್ರೂ ಗೊತ್ತು. ಇದನ್ನ ಹಾಗೆ ತೇದಿಲ್ಲ. ಕೊಟ್ಟಿರೋದು ವಜ್ರದ ಓರೆ. ಹಾಗಾಗಿ ಚೂರು ವಾಲಿಸಿದ್ರೆ ಸಾಕು, ಬೆಳಕು ತಳದಲ್ಲಿ ಸೋರಿಹೋಗುತ್ತೆ. ಅದೇ ದಾರೀಲಿ ನಿಮಗೆ ಅಕ್ಷರ ಕಾಣುತ್ತೆ."

"ಅಂದ್ರೆ ತೇದಿದ್ದು ವಜ್ರ ಬಿಟ್ಟು ಬೇರೆ ತೇಯದ ಕೈ."

"ಹೌದು. ಚಕ್ರದ ಮುಂದೆ ಆಯುಸ್ಸು ಕಳೆದ ಕೈ. ಕಲ್ಲು ಕೂರಿಸೋರ ಕೈಯಲ್ಲ ಇದು." ಆಕೆ ಸೂಕ್ಷ್ಮದರ್ಶಕವನ್ನು ಇನ್‌ಸ್ಪೆಕ್ಟರ್ ಕಡೆ ಸರಿಸಿದರು. "ಒಂದು ವಿಚಿತ್ರ ಇದೆ. ಅಂಚು, ಅಳತೆ, ಮೂಲೆ, ಬೆರಳಿಗೆ ಸಿಗೋದೆಲ್ಲ ಅಚ್ಚುಕಟ್ಟು. ನೆತ್ತಿ ಮೇಲೆ ಮಾತ್ರ ಗೀರು ಹಾಗೇ ಉಳಿದಿದೆ. ಕಲಿಯೋ ಹುಡುಗರೂ ಹೀಗೆ ಬಿಡಲ್ಲ."

ಜೀಪಿನಲ್ಲಿ ಮೀಸೆ ತಲೆ ಕೆರೆದುಕೊಂಡ. "ತೇದಿದ್ದು ಮೇಸ್ತ್ರಿನೇ ಅಂತ ಇಟ್ಕೊಳ್ಳೋಣ ಮೇಡಂ. ಅಂಥ ಮನುಷ್ಯ ಮೋಸ ಮಾಡೋಕೆ ಹೊರಟ್ರೆ ನಾವು ಸತ್ತರೂ ಹಿಡಿಯೋಕಾಗದ ಕಲ್ಲು ಮಾಡಬೇಕಿತ್ತಲ್ಲ. ಡ್ರಾಯಿಂಗ್ ಟೀಚರ್ ಕೈಗೆ ಸಿಕ್ಕಿಬೀಳೋ ಕಲ್ಲು ಯಾಕೆ ಮಾಡ್ತಾರೆ?"

"ಯಜಮಾನರೂ ಅದನ್ನೇ ಹೇಳ್ತಾರೆ. ಇಷ್ಟು ಕಳಪೆ ಕೆಲಸ ಅವರದ್ದಲ್ಲ, ಹಾಗಾಗಿ ಆ ಹೆಂಗಸಿಂದೇ ಅಂತ. ಕೆಲಸ ಕಳಪೆ ಅಂತ ಮಾಡಿದವರಿಗೇ ಕಾಣದೆ ಇದ್ರೆ?"

ಮೀಸೆ ತನ್ನ ಉಗುರು ನೋಡಿಕೊಂಡ. ಜೀಪು ಎರಡು ತಿರುವು ದಾಟಿತು. ಆಮೇಲೆ, "ನಮ್ಮ ಮಾವನೂ ಹೀಗೇ ಮಾಡ್ತಿದ್ರು," ಎಂದ. "ಟಿವಿ ನೋಡೋ ಹಾಗೆ ಕೂತಿರ್ತಿದ್ರು. ಬಂದ್ ಆದ ಮೇಲೂ ಕೂತಿರ್ತಿದ್ರು."

"ನಿನ್ನ ಮಗಳ ಹತ್ರ ಹೊಳೆಯೋ ಕಲ್ಲಿನ ಕೂದಲು ಕ್ಲಿಪ್ ಇದೆಯಾ?"

"ಒಂದು ಡಬ್ಬಿ ತುಂಬಾ ಇದೆ. ಯಾಕೆ?"

"ಮೂರು ಕಲ್ಲು ಕಿತ್ಕೊಂಡು ಬಾ. ಹೊಸ ಕ್ಲಿಪ್ ನಾನು ಕೊಡಿಸ್ತೀನಿ."

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಕಾರ್ಖಾನೆಯ ಚಕ್ರಗಳನ್ನು ನಿಲ್ಲಿಸಲು ಹೇಳಿದರು. ಕೋಣೆ ಒಮ್ಮೆಲೇ ಮೌನವಾಯಿತು. ಮೇಸ್ತ್ರಿ ಕಿಟಕಿಯ ಕುರ್ಚಿಯಲ್ಲಿದ್ದರು. ಯಜಮಾನರನ್ನು ಸ್ವಲ್ಪ ದೂರದಲ್ಲಿ, ಮೀಸೆಯ ಪಕ್ಕ ನಿಲ್ಲಿಸಿದರು. ಕಲ್ಲು ಕೂರಿಸುವವಳು ತನ್ನ ಮೇಜಿನ ಬಳಿಯೇ ನಿಂತಿದ್ದಳು. ಎರಡು ದಿನದಿಂದ ಅವಳ ಮೇಜಿಗೆ ಒಂದು ಕಲ್ಲೂ ಬಂದಿರಲಿಲ್ಲ.

ಇನ್‌ಸ್ಪೆಕ್ಟರ್ ಬಿಳಿ ಬಟ್ಟೆಯ ಮೇಲೆ ಮುದ್ರೆ ಹಾಕಿದ ಮೂರು ಪ್ಲಾಸ್ಟಿಕ್ ಕವರ್ ಇಟ್ಟರು. ಒಂದೊಂದರಲ್ಲೂ ಒಂದು ಕಲ್ಲು.

"ಮೇಸ್ತ್ರಿಗಳೇ, ನಿಮ್ಮ ಸಹಾಯ ಬೇಕು. ಇದರಲ್ಲಿ ವಜ್ರ ಯಾವುದು?"

ಮೇಸ್ತ್ರಿ ಒಂದು ಕವರ್ ಎತ್ತಿಕೊಂಡರು. ಹೆಬ್ಬೆರಳು ತನ್ನಷ್ಟಕ್ಕೆ ಮುದ್ರೆಯ ಕಡೆ ಹೋಯಿತು. "ಬಿಚ್ಚಬಹುದಾ? ತುಟಿಗೆ ತಾಗಿಸಿದ್ರೆ ಹೇಳ್ತೀನಿ. ವಜ್ರ ತಣ್ಣಗಿರುತ್ತೆ."

"ಮುದ್ರೆ ಒಡೆಯೋ ಹಾಗಿಲ್ಲ. ಕಣ್ಣಲ್ಲೇ ನೋಡಿ ಹೇಳಿ. ಕಿಟಕಿಯ ಮಾತು ಸಾಕು ನನಗೆ."

ಒಂದು ಮಾರು ದೂರದಿಂದ ಯಜಮಾನರು ಕವರ್‌ಗಳ ಕಡೆ ಬಗ್ಗಿದರು. ಅವರ ಹುಬ್ಬು ಮೇಲಕ್ಕೆ ಹೋಯಿತು. ಬಾಯಿ ತೆರೆದರು. ಮೀಸೆ ಅವರ ಮೊಣಕೈ ಹಿಡಿದು ಮೆಲ್ಲಗೆ ಅದುಮಿದ.

ಮೇಸ್ತ್ರಿ ಒಂದೊಂದೇ ಕವರ್ ಕಿಟಕಿಗೆ ಹಿಡಿದರು. ಭೂತಗನ್ನಡಿ ಕಣ್ಣಿಗಿಟ್ಟರು. ಕುತ್ತಿಗೆ ಓರೆ ಮಾಡುವ ರೀತಿ, ಕಣ್ಣು ಕಿರಿದು ಮಾಡುವ ರೀತಿ, ಎಲ್ಲ ಆಯುಷ್ಯವಿಡೀ ಮಾಡಿದ ಹಾಗೇ ಇತ್ತು. ಕೊನೆಗೆ ನಡುವಿನದನ್ನು ಮುಂದಕ್ಕೆ ತಳ್ಳಿದರು.

"ಇದು. ಚೊಕ್ಕ ಕಲ್ಲು. ಚೆನ್ನಾಗಿ ಹೊಳೀತಿದೆ."

ಮೀಸೆ ಯಜಮಾನರ ಮೊಣಕೈ ಬಿಟ್ಟ.

"ಮೇಸ್ತ್ರಿ," ಯಜಮಾನರ ಸ್ವರ ಬಿದ್ದುಹೋಗಿತ್ತು. "ಮೂರೂ ಗಾಜು. ಮಕ್ಕಳ ಕ್ಲಿಪ್ಪಿಂದು. ಇಲ್ಲಿಂದಲೇ ಕಾಣುತ್ತೆ."

ಮೇಸ್ತ್ರಿ ಕವರ್ ಕೆಳಗಿಟ್ಟು ಬಟ್ಟೆಯ ಸುಕ್ಕು ಸರಿಮಾಡಿದರು. ಒಂದು ಸಲ, ಎರಡು ಸಲ.

"ಯಾವಾಗಿಂದ?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ಎರಡು ವರ್ಷ ಆಗ್ತಾ ಬಂತು. ಮೊದಲು ಒಂದು ಕಣ್ಣು. ಪೊರೆ. ಹೋದ ಚಳಿಗಾಲದಿಂದ ಇನ್ನೊಂದು. ಕೈಗೆ ಗೊತ್ತಿದೆ ಕೆಲಸ, ನಡೀತಿತ್ತು."

"ಕಿಟಕಿಗೆ ಹಿಡಿದು 'ಆಯ್ತು' ಅಂತಿದ್ರಲ್ಲ?"

"ತೇಯೋ ಹುಡುಗರು ಒಳ್ಳೆಯವರು. ಅವರು ತಪ್ಪು ಮಾಡಲ್ಲ ಅಂತ ಧೈರ್ಯ." ಅವರು ಕಣ್ಣು ಒರೆಸಿಕೊಂಡರು, ಅಳುವಿನಿಂದಲ್ಲ, ಅಭ್ಯಾಸದಿಂದ. "ಪೊರೆ ಬಂದ ಕಣ್ಣಿಗೆ ಏನಾಗುತ್ತೆ ಗೊತ್ತಾ ಅಮ್ಮ? ಬೆಳಕು ಒಳಗೆ ನೆಟ್ಟಗೆ ಬರಲ್ಲ, ಚೆದುರಿಹೋಗುತ್ತೆ. ದೀಪ ನೋಡಿದ್ರೆ ಸುತ್ತ ಕಿರಣ. ಯಾವ ಕಲ್ಲು ಹಿಡಿದ್ರೂ ಹೊಳೆಯುತ್ತೆ. ಗಾಜೂ ಹೊಳೆಯುತ್ತೆ. ಇಷ್ಟು ಹೊಳಪನ್ನ ಈ ಕೆಲಸಕ್ಕೆ ಬಂದಾಗಿನಿಂದ ನೋಡಿರಲಿಲ್ಲ ನಾನು."

"ಟೀಚರ್ ಕಲ್ಲು ಏನಾಯ್ತು?"

"ಮುಕ್ಕಾದ ಕಡೆಯಿಂದ ಒಳಕ್ಕೆ ಒಂದು ಬಿರುಕು ಹೋಗಿತ್ತು. ಕಣ್ಣಿದ್ದೋನು ಅದನ್ನ ನೋಡಿ ಚಕ್ರಕ್ಕೆ ಹಿಡೀತಿರಲಿಲ್ಲ. ಹಿಡಿದೆ. ಟಕ್ ಅಂತು. ಎರಡಾಯ್ತು." ಅವರು ಅಂಗಿಯ ಒಳಜೇಬಿಗೆ ಕೈ ಹಾಕಿ ಮಡಿಸಿದ ಸಣ್ಣ ಕಾಗದ ತೆಗೆದರು. "ಎಲ್ಲರೂ ಊಟಕ್ಕೆ ಹೋದಾಗ ಅವಳ ಡಬ್ಬಿಯಿಂದ ಒಂದು ಸ್ಫಟಿಕ ತಗೊಂಡೆ. ಚಕ್ರಕ್ಕೆ ಕಲ್ಲು ಒತ್ತೋ ಹಿಡಿಕೆಯ ಓರೆ ಬದಲಿಸಬೇಕು ಅಂತ ನನಗೂ ಗೊತ್ತು. ಅದರ ಮೇಲಿನ ಅಳತೆ ಗೆರೆ ಕಾಣಲಿಲ್ಲ. ಇದ್ದ ಹಾಗೇ ತೇದೆ. ಕಿಟಕಿಗೆ ಹಿಡಿದೆ. ಹೊಳೀತು. ಬದುಕಿದೆ ಅಂದ್ಕೊಂಡೆ."

ಮೀಸೆ ಕಾಗದ ಬಿಚ್ಚಿದ. ಮುರಿದ ವಜ್ರದ ಎರಡು ಚೂರುಗಳು ಬಿಳಿ ಕಾಗದದ ಮೇಲೆ ಉರಿದವು. ಬಾಗಿಲ ಬಳಿ ಕರೆಸಿ ನಿಲ್ಲಿಸಿದ್ದ ಪಂಚರು ಮುಂದೆ ಬಂದು ನೋಡಿದರು.

"ಇದನ್ನ ಮಾರಬಹುದಿತ್ತಲ್ಲ?"

"ಕಳ್ಳನಾ ನಾನು?" ಮೇಸ್ತ್ರಿಯ ಧ್ವನಿ ಮೊದಲ ಸಲ ಏರಿತು.

ಇನ್‌ಸ್ಪೆಕ್ಟರ್ ಕಾಗದವನ್ನು ಮತ್ತೆ ಮಡಿಸಿದರು. "ಹೇಳಿಬಿಟ್ಟಿದ್ರೆ ಕಲ್ಲು ಮುರೀತು ಅಂತ ಬೇಜಾರಾಗ್ತಿತ್ತು, ಅಷ್ಟೇ. ಕೇಸೇ ಆಗ್ತಿರಲಿಲ್ಲ."

"ಕಲ್ಲು ಮುರೀತು ಅಂದ್ರೆ ಯಾಕೆ ಮುರೀತು ಅಂತಾರೆ. ಕಣ್ಣು ಕಾಣಲಿಲ್ಲ ಅಂದ್ರೆ ಈ ಕುರ್ಚಿಯಿಂದ ಏಳು ಅಂತಾರೆ. ನಮ್ಮಣ್ಣನಿಗೂ ಹೀಗೇ ಆಗಿತ್ತು. ಕಣ್ಣು ಕೊಯ್ಸಿದ, ಇದ್ದಿದ್ದೂ ಹೋಯ್ತು. ಆಮೇಲೆ ಅವನನ್ನ ಹುಡುಕ್ಕೊಂಡು ಯಾರೂ ಬರಲಿಲ್ಲ."

"ಅದೇ ಅಣ್ಣನ ಮಗಳ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ವಾ?"

"ಬರೋವರೆಗೂ ಗೊತ್ತಿರಲಿಲ್ಲ."

"ಬಂದ ಮೇಲೆ?"

ಮೇಸ್ತ್ರಿ ಕಿಟಕಿಯ ಕಡೆ ಮುಖ ಮಾಡಿದರು. "ಸುಮ್ಮನಿದ್ದೆ."

ಮಧ್ಯಾಹ್ನ ಹನ್ನೆರಡೂಕಾಲಿಗೆ ವಂಚನೆ ಮತ್ತು ನಂಬಿಕೆ ದ್ರೋಹದ ಆರೋಪದ ಮೇಲೆ ಮೇಸ್ತ್ರಿಯನ್ನು ಬಂಧಿಸಲಾಯಿತು. ಎರಡು ಚೂರು ವಜ್ರಕ್ಕೆ ಬೇರೆ ಪಂಚನಾಮೆ ಆಯಿತು. ಯಜಮಾನರು ಕಲ್ಲು ಕೂರಿಸುವವಳ ಬಳಿ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, "ನಾಳೆಯಿಂದ..." ಎಂದು ಶುರುಮಾಡಿದರು. "ನಾಳೆ ಯಾಕೆ? ಈಗಲೇ, ಎಲ್ಲರ ಮುಂದೆ ಹೇಳಿ," ಎಂದರು ಇನ್‌ಸ್ಪೆಕ್ಟರ್. ಯಜಮಾನರು ಕೋಣೆಯ ಕಡೆ ತಿರುಗಿ, ಕಲ್ಲು ಕದ್ದವಳು ಇವಳಲ್ಲ, ನಾನು ಆಡಿದ್ದು ತಪ್ಪು ಎಂದರು. ಕಿವಿ ಕೆಂಪಾಗಿತ್ತು, ಆದರೂ ಪೂರ್ತಿ ಹೇಳಿದರು. ಚಕ್ರದ ಮುಂದಿದ್ದವನೊಬ್ಬ ಎದ್ದು, ಕೂರಿಸಬೇಕಾದ ಕಲ್ಲುಗಳ ಬಟ್ಟಲನ್ನು ಅವಳ ಮೇಜಿನ ಮೇಲಿಟ್ಟು ಹೋದ.

ಬಂಧನದ ತಿಳಿವಳಿಕೆ ಪತ್ರಕ್ಕೆ ಸಂಬಂಧಿಕರೊಬ್ಬರ ಸಹಿ ಬೇಕಿತ್ತು. ಮೇಸ್ತ್ರಿಗೆ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವಳು ಬಂದು ಅವರ ಎದುರಿಗೇ ನಿಂತು ಸಹಿ ಮಾಡಿದಳು.

"ಯಾರು, ಪಂಚರಾ?" ಎಂದರು ಮೇಸ್ತ್ರಿ.

"ನಾನು ಚಿಕ್ಕಪ್ಪ."

ಅವರು ಕೈ ಮುಂದೆ ಚಾಚಿದರು. ಅವಳು ಆ ಕೈ ಹಿಡಿಯಲಿಲ್ಲ. ಪೆನ್ನನ್ನು ಮೀಸೆಗೆ ವಾಪಸ್ ಕೊಟ್ಟಳು.

ಜೀಪಿನ ಬಾನೆಟ್ಟಿನ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆದರು. ಉದ್ದೇಶ ಎಂಬ ಕಡೆ ಎಲ್ಲರೂ ಬರೆಯುವ 'ದುರಾಸೆ' ಎಂಬ ಮಾತು ಕೈಗೆ ತಾನಾಗೇ ಬಂತು. ಅದನ್ನು ತಡೆದು, 'ಆರೋಪಿಗೆ ದೃಷ್ಟಿ ಮಂದವಾಗಿದ್ದು, ಅದು ಬೇರೆಯವರಿಗೆ ತಿಳಿದೀತೆಂಬ ಭಯ' ಎಂದು ಬರೆದರು. ಅದರ ಕೆಳಗೆ, 'ಆರೋಪಿಯನ್ನು ಕಣ್ಣಿನ ವೈದ್ಯರಲ್ಲಿ ಪರೀಕ್ಷೆಗೆ ಒಳಪಡಿಸುವುದು' ಎಂದು ಸೇರಿಸಿ ಎರಡು ಗೆರೆ ಎಳೆದರು.

ಮೇಲೆ ಬಾಗಿಲು ತೆರೆಯಿತು. ಮೀಸೆ ಮುಂದೆ, ಮೇಸ್ತ್ರಿ ಹಿಂದೆ. ಹೊಸ್ತಿಲ ಬಳಿ ಮೇಸ್ತ್ರಿ ನಿಂತುಬಿಟ್ಟರು. ದಿನಾ ಇಳಿಯುತ್ತಿದ್ದ ಜಾಗವೇ ಆದರೂ ಕಾಲು ಗಾಳಿಯಲ್ಲಿ ತಡಕಿತು. ಮೀಸೆ ಕಾಗದಗಳನ್ನು ಕಂಕುಳಿಗೆ ಸೇರಿಸುತ್ತಿದ್ದ, ಗಮನಿಸಲಿಲ್ಲ.

ಒಳಗೆ ಅವಳು ಆಗಲೇ ಅರಗಿನ ಕಡ್ಡಿ ಬಿಸಿ ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಮೆಟ್ಟಿಲಿದೆ ಚಿಕ್ಕಪ್ಪ," ಎಂದಳು. "ಬಲಗಡೆ ಕಂಬಿ ಹಿಡ್ಕೊಳ್ಳಿ."